ನಾಯಿ ಪರಚಿದ್ದಷ್ಟೇ ಎನ್ನಬೇಡಿ

ನಾಯಿ ಪರಚಿದರೆ ‘ಏನೂ ಆಗಲ್ಲ ಬಿಡೋ’ ಎನ್ನುವವರು ನನ್ನ ಬಿಇ ತರಗತಿಯಲ್ಲೂ ಇದ್ದಾರೆ. ರೇಬಿಸ್ ವೈರಸ್ ಕೆಲಸ ಮಾಡುವ ರೀತಿ ತಿಳಿದರೆ ಯಾರೂ ಹಾಗೆನ್ನಲಾರರು.

ಜೊಲ್ಲಿನೊಂದಿಗೆ ಗಾಯ ಸೇರುವ ಈ ವೈರಸ್ ನರಕೋಶಕ್ಕೆ ಅಂಟಿ ಒಳನುಗ್ಗುತ್ತದೆ. ಕೋಶ ತನ್ನ ಸರಕು ಸಾಗಿಸುವ ವ್ಯವಸ್ಥೆಯನ್ನೇ ಬಳಸಿಕೊಂಡು, ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುತ್ತಾ ಮಿದುಳಿನತ್ತ ಸಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರೊಳಗೆ ಲಸಿಕೆ ದೇಹದಲ್ಲಿ ಪ್ರತಿಕಾಯಗಳನ್ನು ಸಿದ್ಧಪಡಿಸಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ತೀರಾ ವಿರಳ.

ವೈರಸ್‌ನ ಹೊರಪದರದಲ್ಲಿ ಕೊಬ್ಬಿದೆ. ಸೋಪು ಅದನ್ನು ಒಡೆಯುತ್ತದೆ. ಹಾಗಾಗಿ ಗಾಯವನ್ನು ತಕ್ಷಣ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅಂದೇ ಆಸ್ಪತ್ರೆಗೆ ಹೋಗಿ. ಪರೀಕ್ಷೆ, ಸಂದರ್ಶನದ ನೆಪದಲ್ಲಿ ಒಂದು ಡೋಸ್ ಕೂಡ ತಪ್ಪಿಸಬೇಡಿ.