ಬಿ ದಾದಿಯ ಜಾನಮಾಜ್

ಹಳೇ ಬಟ್ಟೆ ಒಂದು ಹಾಳಾದ್ರೆ ಯಾರಾದರೂ ಊಟ ನೀರು ಬಿಟ್ಟು ಕೂರ್ತಾರಾ? ಬಾನು ಮುಷ್ತಾಕ್ ಅವರ ಬಿ ದಾದಿ ಕಥೆ ಓದುವವರೆಗೆ ಈ ಪ್ರಶ್ನೆ ತಮಾಷೆ ಅನಿಸಬಹುದು.

ಬಿ ದಾದಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಬಂಧುಗಳ ಮನೆಯಲ್ಲೇ ಮುದುಕಿಯಾದಳು, ಮನೆ ಮಕ್ಕಳಿಗೆ ದಾದಿಯಾದಳು. ಆ ಪುಟ್ಟ ದಾಂಪತ್ಯದಿಂದ ಅವಳ ಪಾಲಿಗೆ ಉಳಿದದ್ದು ಮದುವೆ ಕಾಲದ ಜಾನಮಾಜ್, ಅಂದರೆ ನಮಾಜಿಗೆ ಹಾಸುವ ಬಟ್ಟೆ. ಒಂದು ದಿನ ಮನೆಯ ಹುಡುಗ ಅದರಲ್ಲಿ ಗಾಡಿ ಒರೆಸಿಬಿಡುತ್ತಾನೆ. ಅವನಿಗೆ ಅದು ಬರೀ ಚಿಂದಿ. ಅವಳಿಗೆ ಗಂಡ ಎರಡನೇ ಸಲ ತೀರಿಹೋದ ಹಾಗೆ.

ಅಜ್ಜಿ ಕುಸಿದು ಹೋಗುತ್ತಾಳೆ. ಕೊನೆಗೆ ಮಕ್ಕಳೇ ಒಂದು ಉಪಾಯ ಹುಡುಕುತ್ತಾರೆ: ಪೆಪ್ಸಿ ಕೊಟ್ಟು, ಇದು ಸ್ವರ್ಗದ ಪಾನೀಯ ಆಬ್-ಎ-ಕೌಸರ್ ಅಂತ ನಂಬಿಸುತ್ತಾರೆ. ಕುಡಿದವಳು ತಾನು ಸ್ವರ್ಗದಲ್ಲೇ ಇದ್ದೇನೆ ಅಂದುಕೊಳ್ಳುತ್ತಾಳೆ. ಮೊದಲು ನಗು ಬರುತ್ತೆ, ಆಮೇಲೆ ಗಂಟಲು ಕಟ್ಟುತ್ತೆ. ಮಕ್ಕಳದು ಕರುಣೆಯೋ, ಮೋಸವೋ? ಎರಡೂ ಅಂತ ನನಗನಿಸುತ್ತೆ. ಆದರೆ ಇಷ್ಟು ವರ್ಷ ಆ ದುಃಖ ಮನೆಯ ದೊಡ್ಡವರ ಕಣ್ಣಿಗೇ ಬೀಳಲಿಲ್ಲವಲ್ಲ, ಅದು ಇದಕ್ಕಿಂತ ದೊಡ್ಡ ಮೋಸ.

ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನದ 12 ಕಥೆಗಳಲ್ಲಿ ಇದೂ ಒಂದು. ಅಲ್ಲಿ ಇದರ ಹೆಸರು 'ಎ ಟೇಸ್ಟ್ ಆಫ್ ಹೆವನ್'. 2025ರ ಮೇ ತಿಂಗಳಲ್ಲಿ ಈ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೂ ಅದೇ ಮೊದಲು. ಬಾನು ಹಾಸನದವರು, ವೃತ್ತಿಯಲ್ಲಿ ವಕೀಲರು.

ಹಾಸನದ ಕಥೆಗಾರ್ತಿ ಬರೆದ ಈ ಅಜ್ಜಿಗೆ ನಮ್ಮ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರಿನ ಮನೆಗಳೇನೂ ದೂರ ಅಲ್ಲ. ಹಬ್ಬಕ್ಕೆ ಬೆಂಗಳೂರಿಂದ ರಾತ್ರಿ ಬಸ್ಸಿನಲ್ಲಿ ಬಂದವರು ನಾವು, ಬೆಳಿಗ್ಗೆ ಎದ್ದು ಮನೆ ಕ್ಲೀನ್ ಮಾಡೋ ಹುರುಪಿನಲ್ಲಿ ಮೊದಲು ಕೈ ಹಾಕೋದೇ ಅಜ್ಜಿಯ ಟ್ರಂಕಿಗೆ. ಅಂಚು ಹರಿದ ಕಂಬಳಿ, ಬಣ್ಣ ಹೋದ ಧಾರೆ ಸೀರೆ, ತಾತನ ಒಡೆದ ಕನ್ನಡಕ. "ಇದೆಲ್ಲ ಯಾಕವ್ವ ಇನ್ನೂ ಇಟ್ಕಂಡಿ?" ಅಂತ ಕೇಳ್ತೀವಿ. ಆಕೆ ಮಾತಾಡೋದಿಲ್ಲ. ನಾವೂ ಉತ್ತರಕ್ಕೆ ಕಾಯೋದಿಲ್ಲ, ಅಷ್ಟರಲ್ಲಿ ಫೋನ್ ಬಂದಿರುತ್ತೆ.

ಮುಂದಿನ ಸಲ ಟ್ರಂಕು ತೆಗೆಯುವ ಮುಂಚೆ ಈ ಕಥೆ ಓದಿ. ಬಸ್ಸಿನಲ್ಲೇ ಓದಿ ಮುಗಿಸಬಹುದು.