ಯೋಧನ ಆರೋಗ್ಯದ ಕಡತ

ಒಂದೇ ಊರಿನಲ್ಲಿ ಬಾಳುವ ಗೃಹಸ್ಥನಿಗೆ ಪರಿಚಯದ ವೈದ್ಯರೊಬ್ಬರಿರುತ್ತಾರೆ. ಅವನ ಮೈಗೆ ಯಾವ ಔಷಧ ಒಗ್ಗುತ್ತದೆ, ಯಾವುದು ಒಗ್ಗದು, ಅವನ ತಂದೆಗೆ ಯಾವ ಕಾಯಿಲೆಯಿತ್ತು, ಹತ್ತು ವರ್ಷಗಳ ಹಿಂದೆ ಯಾವ ಮೂಳೆ ಮುರಿದಿತ್ತು ಎಂಬುದೆಲ್ಲ ಆ ವೈದ್ಯರಿಗೆ ನೆನಪಿನಲ್ಲಿಯೇ ಇರುತ್ತದೆ. ಸೈನಿಕನಿಗೆ ಈ ಸೌಕರ್ಯವಿಲ್ಲ. ಈ ವರ್ಷ ಮರುಭೂಮಿಯ ಶಿಬಿರದಲ್ಲಿದ್ದವನು ಮುಂದಿನ ವರ್ಷ ಹಡಗಿನ ಮೇಲಿರಬಹುದು. ಅವನನ್ನು ಪರೀಕ್ಷಿಸುವ ವೈದ್ಯರೂ ಸೇನೆಗೆ ಸೇರಿದವರಾದುದರಿಂದ ಅವರೂ ಒಂದೆಡೆ ನಿಲ್ಲುವವರಲ್ಲ. ಆದಕಾರಣ ಬೇರೆಡೆ ವೈದ್ಯರ ನೆನಪು ನಿರ್ವಹಿಸುವ ಕೆಲಸವನ್ನು ಸೈನಿಕನ ವಿಷಯದಲ್ಲಿ ಬರಹವೇ ನಿರ್ವಹಿಸಬೇಕಾಗುತ್ತದೆ. ಈ ಬರಹವು ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಸೇರಿದ ಕಥೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಸೈನಿಕ ಆಸ್ಪತ್ರೆಗಳಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತದೆ. ಅದು ಸುಗಮವಾದ ಕಥೆಯೇನೂ ಅಲ್ಲ.

ಇರಾಕ್ ಯುದ್ಧದಲ್ಲಿ ಗಾಯಗೊಂಡ ಅಮೆರಿಕದ ಯೋಧನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನ ದಳದಲ್ಲಿಯೇ ಇದ್ದ ಪ್ರಥಮ ಚಿಕಿತ್ಸಕನು ರಕ್ತ ನಿಲ್ಲಿಸಲು ತೊಡೆಗೆ ಬಿಗಿಯಾದ ಪಟ್ಟಿ ಕಟ್ಟಿ, ನೋವು ಶಮನಕ್ಕೆ ಮಾರ್ಫಿನ್ ಚುಚ್ಚುತ್ತಾನೆ. ಹೆಲಿಕಾಪ್ಟರು ಗಾಯಾಳುವನ್ನು ಸಮೀಪದ ಶಸ್ತ್ರಚಿಕಿತ್ಸಾ ಘಟಕಕ್ಕೆ ಒಯ್ಯುತ್ತದೆ. ಅಲ್ಲಿ ಜೀವ ಉಳಿಸಲು ಬೇಕಾದಷ್ಟನ್ನು ಮಾತ್ರ ಮಾಡಿ ಬಲದ್‌ನಂಥ ದೊಡ್ಡ ನೆಲೆಯ ಆಸ್ಪತ್ರೆಗೆ ಸಾಗಿಸುತ್ತಾರೆ. ಅಲ್ಲಿಂದ ವಿಮಾನದಲ್ಲಿ ಜರ್ಮನಿಯ ಲಾಂಡ್‌ಸ್ಟೂಲ್‌ಗೆ, ಅಲ್ಲಿಂದ ಮತ್ತೆ ವಿಮಾನದಲ್ಲಿ ಅಮೆರಿಕಕ್ಕೆ. ವಿಯೆಟ್ನಾಮ್ ಯುದ್ಧಕಾಲದಲ್ಲಿ ಗಾಯಾಳು ರಣರಂಗದಿಂದ ತಾಯ್ನಾಡಿನ ಆಸ್ಪತ್ರೆಯನ್ನು ಸೇರಲು ಸರಾಸರಿ 45 ದಿನಗಳು ಹಿಡಿಯುತ್ತಿದ್ದವು. ಇರಾಕ್ ಯುದ್ಧದಲ್ಲಿ ನಾಲ್ಕು ದಿನಗಳೂ ಬೇಕಾಗಲಿಲ್ಲ. ಈ ವೇಗವು ಅನೇಕರ ಪ್ರಾಣವನ್ನು ಉಳಿಸಿತು. ಆದರೆ ಪ್ರತಿ ನಿಲುಗಡೆಯಲ್ಲಿಯೂ ಹೊಸ ವೈದ್ಯರು ಅವವೇ ಪ್ರಶ್ನೆಗಳನ್ನು ಕೇಳಬೇಕಾಗಿತ್ತು. ಪಟ್ಟಿ ಕಟ್ಟಿದ್ದು ಎಷ್ಟು ಗಂಟೆಗೆ? ಮಾರ್ಫಿನ್ ಎಷ್ಟು ಕೊಟ್ಟಿದೆ? ಎಷ್ಟು ರಕ್ತ ಹೋಗಿದೆ, ಎಷ್ಟು ಕೊಟ್ಟಿದೆ? ಉತ್ತರ ಹೇಳಬೇಕಾದವನು ಪ್ರಜ್ಞೆ ತಪ್ಪಿ ಮಲಗಿರುತ್ತಾನೆ. ಗಾಯಾಳು ಮೊದಲು ಬಂದು, ಅವನ ಕಾಗದಗಳು ಅನಂತರ ಬರುವುದೂ, ಬಾರದೆಯೇ ಹೋಗುವುದೂ ಉಂಟಾಗಿತ್ತು. ಅದಕ್ಕೆಂದೇ ಶಸ್ತ್ರವೈದ್ಯರು ಗಾಯದ ಪಟ್ಟಿಯ ಮೇಲೆಯೇ ಶಾಯಿಯಿಂದ ವಿವರ ಬರೆದು ಕಳುಹಿಸಿದ ನಿದರ್ಶನಗಳಿವೆ.

ಸೇನೆಯ ಆಸ್ಪತ್ರೆಗಳಲ್ಲಿ ಬರಹದ ಅವ್ಯವಸ್ಥೆ ಹೊಸದಲ್ಲ. 1854ರಲ್ಲಿ ಕ್ರೈಮಿಯಾ ಯುದ್ಧದ ಗಾಯಾಳುಗಳ ಶುಶ್ರೂಷೆಗೆಂದು ಸ್ಕುಟಾರಿಯ ಬ್ರಿಟಿಷ್ ಆಸ್ಪತ್ರೆಗೆ ಬಂದ ಫ್ಲಾರೆನ್ಸ್ ನೈಟಿಂಗೇಲ್ ಅಲ್ಲಿನ ಕೊಳಕನ್ನು ಕಂಡಂತೆಯೇ ಲೆಕ್ಕದ ಗೊಂದಲವನ್ನೂ ಕಂಡರು. ಸತ್ತವರ ಬೇರೆಬೇರೆ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆ ಅಂಕಿಗಳನ್ನು ಸರಿಪಡಿಸಿ ಜೋಡಿಸಿದಾಗಲೇ, ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತವರು ಬಹುಪಾಲು ಹೆಚ್ಚೆಂಬ ಸತ್ಯ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಬಿದ್ದಿತು.

ಚಿಕಿತ್ಸೆಯ ಹೊತ್ತಿಗೆ ದಾಖಲೆ ಬೇಕೆಂಬುದು ಸುಲಭವಾಗಿ ಅರ್ಥವಾಗುತ್ತದೆ. ಯುದ್ಧ ಮುಗಿದು ಮೂವತ್ತು, ನಲವತ್ತು ವರ್ಷಗಳಾದ ಮೇಲೆಯೂ ಅದು ಬೇಕಾಗುತ್ತದೆ ಎಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ಸೇವೆಯಲ್ಲಿದ್ದಾಗ ಉಂಟಾದ ಗಾಯ ಅಥವಾ ರೋಗದಿಂದ ದುಡಿಯುವ ಶಕ್ತಿ ಕುಂದಿದವರಿಗೆ ಅಮೆರಿಕ ಸರ್ಕಾರವು ಪರಿಹಾರವನ್ನು ಕೊಡುತ್ತದೆ. 1944ರ ಚಳಿಗಾಲದಲ್ಲಿ ಹಿಮದಲ್ಲಿ ನಿಂತು ಕಾಲು ಮರಗಟ್ಟಿಸಿಕೊಂಡ ಯೋಧನು ಅರವತ್ತರ ವಯಸ್ಸಿನಲ್ಲಿ ನಡೆಯಲಾರದೆ ಪರಿಹಾರ ಕೇಳಿದರೆ, ಅಧಿಕಾರಿಗಳು ಮೊದಲು ಹುಡುಕುವುದು ಅಂದಿನ ಆಸ್ಪತ್ರೆಯ ಕಾಗದವನ್ನು. ಅದು ಸಿಕ್ಕಿದರೆ ಕೆಲಸ ಹಗುರ. ಸಿಕ್ಕದಿದ್ದರೆ ತನ್ನ ಕಾಲಿನ ನೋವನ್ನೇ ಆ ಮುದುಕನು ಸಾಬೀತು ಮಾಡಬೇಕಾಗುತ್ತದೆ.

ಅಂಥ ಲಕ್ಷಾಂತರ ಕಾಗದಗಳು ಒಂದೇ ಅವಘಡದಲ್ಲಿ ನಾಶವಾದವು. 1973ರ ಜುಲೈ 12ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿದ್ದ ರಾಷ್ಟ್ರೀಯ ಸಿಬ್ಬಂದಿ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದಿತು. ಆರನೆಯ ಅಂತಸ್ತು ಹೊತ್ತಿ ಉರಿಯಿತು. ಕಡತಗಳಿದ್ದ ಸಭಾಂಗಣಗಳಲ್ಲಿ ಬೆಂಕಿ ಕಂಡೊಡನೆ ತಾನಾಗಿ ನೀರು ಚಿಮುಕಿಸುವ ಏರ್ಪಾಡು ಇರಲಿಲ್ಲ. 42 ಅಗ್ನಿಶಾಮಕ ವಿಭಾಗಗಳು ಬಂದು ಸೆಣಸಿದರೂ ಬೆಂಕಿ ಪೂರ್ಣವಾಗಿ ಆರಿತೆಂದು ಘೋಷಿಸಿದ್ದು ಜುಲೈ 16ರಂದು. ನಾಶವಾದ ಕಡತಗಳ ಸಂಖ್ಯೆ 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಎಂದು ಅಂದಾಜು. 1912ರಿಂದ 1960ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹೋದವು. ವಾಯುಸೇನೆಯ ಕಡತಗಳನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಜೋಡಿಸಿಟ್ಟಿದ್ದರು. ‘ಹಬ್ಬರ್ಡ್’ ಎಂಬ ಹೆಸರಿನಿಂದ ಮುಂದಿನವು ಬೆಂಕಿಗೆ ಸಿಕ್ಕಿದವು, ಹಿಂದಿನವು ಉಳಿದವು. ಒಬ್ಬನ ಹಕ್ಕು ಉಳಿಯುವುದೂ ಅಳಿಯುವುದೂ ಅವನ ಹೆಸರಿನ ಮೊದಲಕ್ಷರವನ್ನು ಅವಲಂಬಿಸಿದ್ದು ವಿಧಿಯ ವಿಚಿತ್ರವೇ ಸರಿ.

ಬೆಂಕಿಯಿಂದ ಉಳಿದವು ನೀರಿನಲ್ಲಿ ನೆನೆದಿದ್ದವು. ಬೇಸಗೆಯ ಸೆಕೆಯಲ್ಲಿ ಒದ್ದೆ ಕಾಗದಕ್ಕೆ ಬೂಷ್ಟು ಹಿಡಿಯಲು ಹೆಚ್ಚು ಕಾಲ ಬೇಕಿಲ್ಲ. ಅದೇ ನಗರದ ಮೆಕ್‌ಡಾನೆಲ್ ಡಗ್ಲಸ್ ವಿಮಾನ ಸಂಸ್ಥೆಯಲ್ಲಿ, ಬಾಹ್ಯಾಕಾಶಯಾನದ ಪರೀಕ್ಷೆಗೆಂದು ಕಟ್ಟಿದ್ದ ನಿರ್ವಾತ ಕೋಣೆಯೊಂದಿತ್ತು. ಒದ್ದೆ ಕಡತಗಳನ್ನು ಅಲ್ಲಿಗೆ ಸಾಗಿಸಿ, ಗಾಳಿಯನ್ನು ಹೊರಸೆಳೆದು ಒಣಗಿಸಿದರು. ಸುಟ್ಟು ನೆನೆದಿದ್ದ ಸುಮಾರು 65 ಲಕ್ಷ ಕಡತಗಳು ಹೀಗೆ ಕೈಗೆ ಬಂದವು. ಉಳಿದವುಗಳಿಗೆ ನಕಲು ಇರಲಿಲ್ಲ. ಏನೇನು ಇತ್ತೆಂಬುದರ ಸೂಚಿಯೂ ಇರಲಿಲ್ಲ.

ಆದರೆ 1988ರಲ್ಲಿ ಅನಿರೀಕ್ಷಿತವಾದ ನೆರವೊಂದು ದೊರೆಯಿತು. ಎರಡನೆಯ ಮಹಾಯುದ್ಧದ ಹಾಗೂ ಕೊರಿಯಾ ಯುದ್ಧದ ಕಾಲಗಳಲ್ಲಿ ಭೂಸೇನೆಯ ಮುಖ್ಯ ವೈದ್ಯಾಧಿಕಾರಿಯ ಕಚೇರಿಯು ಆಸ್ಪತ್ರೆ ಸೇರಿದ ಸೈನಿಕರ ವಿವರಗಳನ್ನು ಸಂಕೇತಗಳ ರೂಪದಲ್ಲಿ ಸಂಗ್ರಹಿಸಿತ್ತು. ಯಾವ ರೋಗ ಎಷ್ಟು ಮಂದಿಗೆ ಬಂದಿತೆಂದು ಎಣಿಸುವುದಷ್ಟೇ ಅದರ ಉದ್ದೇಶ. ಇಂಥ ಒಂದು ಕೋಟಿ ದಾಖಲಾತಿಗಳಿದ್ದ ಗಣಕದ ಸುರುಳಿಗಳು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಬಳಿ ದೊರೆತು, ಸೇಂಟ್ ಲೂಯಿಸ್‌ಗೆ ಬಂದವು. ಅವುಗಳಲ್ಲಿ ಸೈನಿಕನ ಹೆಸರಿರಲಿಲ್ಲ. ಸೇವಾ ಸಂಖ್ಯೆ ಮಾತ್ರ ಇತ್ತು. ತನ್ನ ಸಂಖ್ಯೆಯನ್ನು ನೆನಪಿಟ್ಟುಕೊಂಡಿದ್ದ ಅನೇಕ ವೃದ್ಧ ಯೋಧರಿಗೆ, ತಾನು ಯಾವ ತಿಂಗಳು ಯಾವ ಗಾಯಕ್ಕಾಗಿ ಆಸ್ಪತ್ರೆಯಲ್ಲಿದ್ದೆನೆಂಬ ಸಾಕ್ಷ್ಯ ಅದರಿಂದ ಮರಳಿ ಸಿಕ್ಕಿತು. ಅಂಕಿಗಳಿಗಾಗಿ ಮಾಡಿದ ಕೆಲಸ ಮನುಷ್ಯರಿಗೆ ಒದಗಿದ್ದು ಹೀಗೆ.

ವಿದ್ಯುನ್ಮಾನ ದಾಖಲೆ ಎಂದರೆ ಕಾಗದದ ಛಾಯಾಚಿತ್ರವೆಂದು ಭಾವಿಸಬಾರದು. ಚಿತ್ರವನ್ನು ಯಂತ್ರವು ತೋರಿಸಬಲ್ಲದೇ ಹೊರತು ಅದರಲ್ಲಿ ಏನಿದೆಯೆಂದು ತಾನಾಗಿ ತಿಳಿಯಲಾರದು. ರೋಗಿಯ ರಕ್ತದ ಗುಂಪು, ರೋಗದ ಹೆಸರು, ಔಷಧ, ಪ್ರಮಾಣ, ವೇಳೆ ಇವುಗಳನ್ನು ಬಿಡಿಬಿಡಿಯಾಗಿ, ಗೊತ್ತಾದ ಸ್ಥಾನಗಳಲ್ಲಿ ತುಂಬಿದಾಗ ಅದು ನಿಜವಾದ ದಾಖಲೆಯಾಗುತ್ತದೆ. ಪೆನಿಸಿಲಿನ್ ಒಗ್ಗದವನಿಗೆ ವೈದ್ಯರೊಬ್ಬರು ಆ ಔಷಧವನ್ನು ಸೂಚಿಸಿದರೆ ಯಂತ್ರವು ಒಡನೆಯೇ ಎಚ್ಚರಿಸುತ್ತದೆ. ನೂರಾರು ಹಾಳೆಗಳ ಕಡತವು ಈ ಕೆಲಸವನ್ನು ಮಾಡಲಾರದು.

ಈ ಬಗೆಯ ವ್ಯವಸ್ಥೆಯನ್ನು ಮೊದಲು ಗಟ್ಟಿಯಾಗಿ ನೆಲೆಗೊಳಿಸಿದ್ದು ಸೇನೆಯಲ್ಲ, ನಿವೃತ್ತ ಯೋಧರ ಆಸ್ಪತ್ರೆಗಳನ್ನು ನಡೆಸುವ ಇಲಾಖೆ. 1970ರ ದಶಕದ ಕೊನೆಯಲ್ಲಿ ಆ ಆಸ್ಪತ್ರೆಗಳ ಕೆಲವು ವೈದ್ಯರೂ ಕ್ರಮವಿಧಿಕಾರರೂ ಜೊತೆಗೂಡಿ, ತಮಗೆ ಬೇಕಾದುದನ್ನು ತಾವೇ ಸ್ವಲ್ಪಸ್ವಲ್ಪವಾಗಿ ರಚಿಸತೊಡಗಿದರು. ಅವರು ಬಳಸಿದ ಭಾಷೆ ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ‘ಮಂಪ್ಸ್’. ಮಂಗನಬಾವಿಗೆ ಇಂಗ್ಲಿಷಿನಲ್ಲಿರುವ ಹೆಸರೂ ಅದೇ ಆದದ್ದು ವಿನೋದದ ಸಂಗತಿ. ಕೇಂದ್ರ ಕಚೇರಿಯ ಗಣಕ ವಿಭಾಗಕ್ಕೆ ಈ ಸ್ವತಂತ್ರ ಯತ್ನ ರುಚಿಸಲಿಲ್ಲ. ವಿರೋಧದ ನಡುವೆ ಗುಟ್ಟಾಗಿ ಕೆಲಸ ಮುಂದುವರಿಸಿದ ಈ ಗುಂಪಿನವರು ತಮ್ಮ ಬಳಗಕ್ಕೆ ‘ನೆಲದಡಿಯ ರೈಲು’ ಎಂಬ ಅರ್ಥದ ಹೆಸರಿಟ್ಟುಕೊಂಡಿದ್ದರು. 1982ರಲ್ಲಿ ಇಲಾಖೆಯ ಮುಖ್ಯಸ್ಥರೇ ಅದನ್ನು ಅಂಗೀಕರಿಸಿದರು. ಮುಂದೆ ‘ವಿಸ್ಟಾ’ ಎಂದು ಪ್ರಸಿದ್ಧವಾದುದು ಇದೇ ವ್ಯವಸ್ಥೆ.

ಅದಕ್ಕೆ ಕೂಡಿದ ಒಂದು ಉತ್ತಮ ಅಂಗ ದಾದಿಯೊಬ್ಬರ ಕೊಡುಗೆ. ಕಾನ್ಸಾಸ್ ರಾಜ್ಯದ ಟೊಪೀಕಾದ ಆಸ್ಪತ್ರೆಯಲ್ಲಿದ್ದ ಸ್ಯೂ ಕಿನ್ನಿಕ್ 1992ರಲ್ಲಿ ಬಾಡಿಗೆ ಕಾರನ್ನು ಹಿಂತಿರುಗಿಸುವಾಗ, ಅಲ್ಲಿನ ನೌಕರ ಕೈಯಲ್ಲಿ ಹಿಡಿದ ಸಣ್ಣ ಯಂತ್ರದಿಂದ ಕಾರಿನ ಮೇಲಿನ ಗೆರೆಗಳ ಗುರುತನ್ನು ಓದುವುದನ್ನು ಕಂಡರು. ಕಾರಿಗೆ ಸಾಧ್ಯವಾದದ್ದು ರೋಗಿಗೇಕೆ ಆಗಬಾರದೆಂದು ಅವರಿಗೆ ಹೊಳೆಯಿತು. ರೋಗಿಯ ಮುಂಗೈಪಟ್ಟಿಯ ಮೇಲೆ ಒಂದು ಗುರುತು, ಔಷಧದ ಪೊಟ್ಟಣದ ಮೇಲೆ ಇನ್ನೊಂದು. ದಾದಿ ಎರಡನ್ನೂ ಯಂತ್ರಕ್ಕೆ ತೋರಿಸಿದಾಗ, ಈ ರೋಗಿಗೆ ಈ ಔಷಧ, ಈ ಪ್ರಮಾಣದಲ್ಲಿ, ಈ ವೇಳೆಗೆ ಸಲ್ಲಬೇಕೇ ಎಂಬುದನ್ನು ಗಣಕವು ಒಪ್ಪಿಸಿ ನೋಡುತ್ತದೆ, ತಪ್ಪಿದ್ದರೆ ತಡೆಯುತ್ತದೆ. ಹಾಸಿಗೆಯ ಬಳಿ ನಿಂತು ಕೆಲಸ ಮಾಡಿದವರಿಗಲ್ಲದೆ ಇಂಥ ಯೋಚನೆ ಹೊಳೆಯುವುದು ಕಷ್ಟ. ಕೆಲವೇ ವರ್ಷಗಳಲ್ಲಿ ದೇಶದ ಎಲ್ಲ ನಿವೃತ್ತ ಯೋಧರ ಆಸ್ಪತ್ರೆಗಳಿಗೂ ಇದು ಹರಡಿತು.

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತವು ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಅನೇಕ ವೈದ್ಯಾಲಯಗಳ ಕಾಗದಗಳು ನೀರುಪಾಲಾದವು. ನಿವೃತ್ತ ಯೋಧರ ಆಸ್ಪತ್ರೆಯ ಕಟ್ಟಡವೂ ಕೆಟ್ಟಿತು. ಆದರೆ ಅದರ ದಾಖಲೆಗಳ ಪ್ರತಿಯನ್ನು ಹ್ಯೂಸ್ಟನ್ ನಗರಕ್ಕೆ ಸಾಗಿಸಲಾಯಿತು. ಊರು ಬಿಟ್ಟು ಚದುರಿದ ಯೋಧರು ಬೇರೆ ರಾಜ್ಯದ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರಿಗೆ ಅವರ ಔಷಧಗಳ ವಿವರ ಕಾಣುತ್ತಿತ್ತು.

ಇತ್ತ ಸೇನೆಯ ಆಸ್ಪತ್ರೆಗಳು ಬೇರೆ ದಾರಿ ಹಿಡಿದವು. 1988ರಲ್ಲಿ ಖಾಸಗಿ ಸಂಸ್ಥೆಯೊಂದರ ಮೂಲಕ, ನಿವೃತ್ತ ಯೋಧರ ಇಲಾಖೆಯ ವ್ಯವಸ್ಥೆಯನ್ನೇ ಮಾರ್ಪಡಿಸಿಕೊಂಡು ಒಂದನ್ನು ಕಟ್ಟಿಸಿದವು. ಅನಂತರ ಬಂದ ‘ಆಲ್ಟಾ’ ಎಂಬುದು ನಿಧಾನವಾಗಿತ್ತು, ಆಗಾಗ ಸ್ಥಗಿತವಾಗುತ್ತಿತ್ತು. ರೋಗಿಯ ಮುಖ ನೋಡುವುದಕ್ಕಿಂತ ಪರದೆ ನೋಡುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆಂದು ವೈದ್ಯರು ದೂರಿದರು. ಕಾಲಕ್ರಮದಲ್ಲಿ ಎರಡು ಇಲಾಖೆಗಳ ಯಂತ್ರಗಳು ಒಂದರ ಮಾತು ಒಂದಕ್ಕೆ ತಿಳಿಯದಷ್ಟು ದೂರ ಸರಿದವು. ಸೇವೆಯಲ್ಲಿದ್ದವನು ನಿವೃತ್ತನಾದ ದಿನ ಬದಲಾಗುವುದು ಅವನ ಉಡುಪೇ ಹೊರತು ದೇಹವಲ್ಲ. ಆದರೂ ಅವನ ದಾಖಲೆ ಒಂದು ಇಲಾಖೆಯ ಬಾಗಿಲಿನಲ್ಲಿ ನಿಂತು, ಇನ್ನೊಂದರೊಳಗೆ ಹೋಗಲು ತಡವರಿಸುತ್ತಿತ್ತು.

ಇದನ್ನು ನಿವಾರಿಸಲು 2015ರಲ್ಲಿ ರಕ್ಷಣಾ ಇಲಾಖೆಯು ಸುಮಾರು 430 ಕೋಟಿ ಡಾಲರುಗಳ ಗುತ್ತಿಗೆಯನ್ನು ಕೊಟ್ಟು ‘ಜೆನೆಸಿಸ್’ ಎಂಬ ಹೊಸ ವ್ಯವಸ್ಥೆಯನ್ನು ಕೈಗೊಂಡಿತು. 2017ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಫೇರ್‌ಚೈಲ್ಡ್ ವಾಯುನೆಲೆಯಲ್ಲಿ ಅದು ಆರಂಭವಾಯಿತು. ಮರುವರ್ಷವೇ ಇಲಾಖೆಯ ಪರೀಕ್ಷಾ ವಿಭಾಗವು ಅದು ಕಾರ್ಯಸಮರ್ಥವೂ ಅಲ್ಲ, ಬಳಕೆಗೆ ತಕ್ಕುದೂ ಅಲ್ಲ ಎಂದು ವರದಿ ಮಾಡಿತು. ತಿದ್ದಿಕೊಳ್ಳುತ್ತ ಸಾಗಿದ ಕೆಲಸ 2024ರ ಮಾರ್ಚ್‌ನಲ್ಲಿ, ಎರಡೂ ಇಲಾಖೆಗಳು ಕೂಡಿ ನಡೆಸುವ ಉತ್ತರ ಷಿಕಾಗೋದ ಆಸ್ಪತ್ರೆಯಲ್ಲಿ ಮುಗಿಯಿತು. ನಿವೃತ್ತ ಯೋಧರ ಇಲಾಖೆಯೂ ವಿಸ್ಟಾವನ್ನು ಬಿಟ್ಟು ಇದನ್ನೇ ಸೇರಲು ಹೊರಟು, 2020ರಲ್ಲಿ ಸ್ಪೊಕೇನ್ ನಗರದಲ್ಲಿ ಪ್ರಾರಂಭಿಸಿತು. ಅಲ್ಲಿ ಒಂದು ಅನರ್ಥ ಸಂಭವಿಸಿತು. ವೈದ್ಯರು ಬರೆದ 11,000ಕ್ಕೂ ಹೆಚ್ಚು ಆದೇಶಗಳು ಸೇರಬೇಕಾದ ವಿಭಾಗವನ್ನು ಸೇರದೆ, ಯಾರೂ ನೋಡದ ಒಂದು ಸಾಲಿನಲ್ಲಿ ಹೋಗಿ ಕುಳಿತಿದ್ದವೆಂದು 2022ರ ತಪಾಸಣಾ ವರದಿ ತಿಳಿಸಿತು. ಆದೇಶ ಕಳುಹಿಸಿದ ವೈದ್ಯರಿಗೆ ಅದು ತಲುಪಲಿಲ್ಲವೆಂಬ ಸೂಚನೆಯೇ ಬರುತ್ತಿರಲಿಲ್ಲ. ಕಾಗದ ಕಳೆದರೆ ಕಳೆದದ್ದಾದರೂ ತಿಳಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಇಲಾಖೆಯು ವಿಸ್ತರಣೆಯನ್ನು ತಡೆಹಿಡಿಯಿತು.

ಸೇನೆಗೆ ವಿಶೇಷವಾದ ತೊಡಕು ಇನ್ನೊಂದಿದೆ. ಸಮುದ್ರದ ನಡುವಿನ ಹಡಗಿಗೂ ಗುಡ್ಡಗಾಡಿನ ಶಿಬಿರಕ್ಕೂ ಸಂಪರ್ಕಜಾಲ ಸದಾ ದೊರೆಯುವುದಿಲ್ಲ. ದೊರೆತರೂ, ಎಷ್ಟು ಮಂದಿ ಗಾಯಗೊಂಡರೆಂಬ ಸುದ್ದಿ ಶತ್ರುವಿಗೆ ತಿಳಿಯಬಾರದು. ಆದುದರಿಂದ ರಣರಂಗದ ಯಂತ್ರವು ವಿವರಗಳನ್ನು ತನ್ನಲ್ಲಿಯೇ ಹಿಡಿದಿಟ್ಟುಕೊಂಡು, ಸಂಪರ್ಕ ದೊರೆತಾಗ ಗುಪ್ತ ಸಂಕೇತಗಳಲ್ಲಿ ಮುಂದಕ್ಕೆ ಕಳುಹಿಸಬೇಕು. ಇಂದಿಗೂ ಅಮೆರಿಕದ ಪ್ರಥಮ ಚಿಕಿತ್ಸಕನ ಚೀಲದಲ್ಲಿ ಒಂದು ರಟ್ಟಿನ ಚೀಟಿಯೂ ಲೇಖನಿಯೂ ಇದ್ದೇ ಇರುತ್ತವೆ.

ಗಾಯದ ಲೆಕ್ಕದ ಜೊತೆಗೆ ಗಾಳಿಯ ಲೆಕ್ಕವೂ ಈಚೆಗೆ ಸೇರಿದೆ. ಇರಾಕ್, ಆಫ್ಘಾನಿಸ್ತಾನಗಳ ನೆಲೆಗಳಲ್ಲಿ ಪ್ಲಾಸ್ಟಿಕ್, ರಾಸಾಯನಿಕಗಳ ಸಮೇತ ಕಸವನ್ನೆಲ್ಲ ದೊಡ್ಡ ಗುಂಡಿಗಳಲ್ಲಿ ಸುಡುತ್ತಿದ್ದರು. ಆ ಹೊಗೆಯನ್ನು ಉಸಿರಾಡಿದವರು ವರ್ಷಗಳ ಅನಂತರ ಶ್ವಾಸಕೋಶದ ರೋಗಗಳಿಗೆ ತುತ್ತಾದಾಗ, ಅಂದಿನ ಆಸ್ಪತ್ರೆಯ ದಾಖಲೆಯಲ್ಲಿ ಏನೂ ಇರಲಿಲ್ಲ. ಅಂದು ಅವರು ಆರೋಗ್ಯವಂತರೇ ಆಗಿದ್ದರು. 2022ರ ಆಗಸ್ಟ್ 10ರಂದು ಜಾರಿಗೆ ಬಂದ ಪ್ಯಾಕ್ಟ್ ಕಾಯಿದೆಯು, ಗೊತ್ತುಪಡಿಸಿದ ಸ್ಥಳಗಳಲ್ಲಿ ಸೇವೆ ಸಲ್ಲಿಸಿದವರಿಗೆ ಗೊತ್ತುಪಡಿಸಿದ ರೋಗ ಬಂದರೆ ಅದು ಸೇವೆಯಿಂದಲೇ ಬಂದುದೆಂದು ಭಾವಿಸಬೇಕೆಂದು ವಿಧಿಸಿತು. ಯಾವ ಸೈನಿಕ ಯಾವ ದಿನಗಳಲ್ಲಿ ಯಾವ ನೆಲೆಯಲ್ಲಿದ್ದನು, ಅಲ್ಲಿನ ಗಾಳಿ, ನೀರು, ಮಣ್ಣುಗಳಲ್ಲಿ ಏನಿತ್ತು ಎಂಬುದನ್ನು ಹೊಂದಿಸುವ ಇನ್ನೊಂದು ವಿದ್ಯುನ್ಮಾನ ದಾಖಲೆಯನ್ನೂ ಎರಡು ಇಲಾಖೆಗಳು ಕೂಡಿ ರೂಪಿಸಿವೆ. ಆದರೆ ಗಾಳಿಯನ್ನು ಅಳೆಯದೆ ಬಿಟ್ಟ ದಿನಗಳ ಸಾಲುಗಳು ಅದರಲ್ಲಿ ಖಾಲಿಯಾಗಿಯೇ ಇವೆ. ಆ ದಿನಗಳಲ್ಲಿ ಅಲ್ಲಿದ್ದವರಿಗೆ ಯಂತ್ರ ನೆರವಾಗಲಾರದು. ಕಾಯಿದೆಯ ಮಾತೇ ಆಧಾರ.