ಅಕ್ಷರಗುಂಡಿನ ಲಿಪಿಕಾರ

ಚಳ್ಳಕೆರೆ ದಾಟಿ ಮೊಳಕಾಲ್ಮೂರು ಸೀಮೆಗೆ ಬಂದರೆ ಅಶೋಕ ಸಿದ್ದಾಪುರದ ಪಕ್ಕದಲ್ಲೇ ಬ್ರಹ್ಮಗಿರಿ. ಅಲ್ಲೊಂದು ಮಲಗಿದ ಬಂಡೆಯಿದೆ. ಊರವರು ಅದಕ್ಕೆ ಅಕ್ಷರಗುಂಡು ಎನ್ನುತ್ತಿದ್ದರು. ಅದರ ಮೇಲಿನ 13 ಸಾಲುಗಳು ಅಶೋಕನವೆಂದು ಹೊರಜಗತ್ತಿಗೆ ತಿಳಿದದ್ದು 1892ರಲ್ಲಿ, ಬಿ.ಎಲ್. ರೈಸ್ ಅವರಿಂದ.

ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಓಲೆ ಅದು. ಮೊದಲು ಕ್ಷೇಮಸಮಾಚಾರ, ಆಮೇಲೆ ಅರಸನ ಮಾತು. ನನ್ನ ಕಣ್ಣು ನಿಲ್ಲುವುದು ನಡುವಿನ ಒಂದು ಪದದ ಮೇಲೆ: ಖುದಕೇನ. ಅಲ್ಲಿನ ಬ್ರಾಹ್ಮಿ ಲಿಪಿ ಬಾರದವರೂ ಇದನ್ನು ಕೂಡಿಸಿ ಓದಬಹುದು. 'ಖ' ಒಂದು ಕೊಕ್ಕೆ, ಅದರ ಬುಡಕ್ಕೆ ಗೀರು ಸೇರಿದರೆ 'ಖು'. 'ಕ' ಎಂದರೆ ನಮ್ಮ ಲೆಕ್ಕದ ಕೂಡುವ ಚಿಹ್ನೆಯೇ. ತಲೆಯ ಎಡಕ್ಕೆ ಅಡ್ಡಗೀರು ಎಳೆದರೆ 'ಕೇ'. 'ನ' ಪೀಠದ ಮೇಲೆ ನೆಟ್ಟ ಕಂಬದ ಹಾಗೆ. ಪದಗಳ ನಡುವೆ ತೆರಪಿಲ್ಲದ್ದರಿಂದ ಬೆರಳಿಟ್ಟು ನಿಧಾನ ಸಾಗಬೇಕು. ಆ ಪದದ ಬೆನ್ನಿಗೇ 'ಪಿ' ಎಂಬ ಒಂಟಿ ಅಕ್ಷರ. ನಮ್ಮ 'ಊ' ಇದ್ದಂತೆ ಅದು. ಸಣ್ಣವನಿಂದಲೂ ಸಾಧ್ಯ ಎಂದು ಅರ್ಥ. ಸ್ವರ್ಗ ದೊಡ್ಡವರ ಪಾಲಿಗಷ್ಟೇ ಇರುವುದಲ್ಲ, ಶ್ರಮಿಸಿದರೆ ಸಣ್ಣವನಿಗೂ ದಕ್ಕುತ್ತದೆ ಎಂಬುದು ಅಲ್ಲಿನ ಮಾತು. ಅಶೋಕ ಕೊಟ್ಟದ್ದು ಭರವಸೆ, ಹಕ್ಕಲ್ಲ. ಆದರೂ ಹೊರಗೆ ನಿಂತವನನ್ನು ಒಂದಕ್ಷರದಿಂದ ಒಳಗೆ ಕರೆದುಕೊಂಡ ಆ ಕೈಗೆ ನಾನು ಮಣಿಯುತ್ತೇನೆ.

ಅದೇ ಕಸುಬು ನಮ್ಮ ಕಾಲದಲ್ಲಿ ವಿಶ್ವಸಂಸ್ಥೆಯ ಮೇಜಿನ ಮೇಲೆ ನಡೆದಿದೆ. 1948ರ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ 'ಎಲ್ಲ ಪುರುಷರು' ಎಂದು ಅರ್ಥವಾಗಬಹುದಾದ ಮಾತಿತ್ತು. ಭಾರತದ ಹಂಸಾ ಮೆಹ್ತಾ ಪಟ್ಟು ಹಿಡಿದದ್ದರಿಂದ ಅದು 'ಎಲ್ಲ ಮಾನವರು' ಎಂದಾಯಿತು. ಜನಾಂಗ ತಾರತಮ್ಯದ ವಿರುದ್ಧದ ಒಡಂಬಡಿಕೆ ಮಂಜೂರಾದದ್ದು 1965ರ ಡಿಸೆಂಬರ್ 21ರಂದು. ಜನಾಂಗ, ಬಣ್ಣ, ರಾಷ್ಟ್ರಮೂಲಗಳ ಜೊತೆಗೆ 'ವಂಶ' ಎಂಬ ಪದ ಅಲ್ಲಿ ಕೂತದ್ದೂ ಭಾರತದ ಸಲಹೆಯಿಂದಲೇ. ಆ ಪದದೊಳಗೆ ಜಾತಿಯೂ ಬರುತ್ತದೆ ಎಂದು ಒಡಂಬಡಿಕೆಯ ಸಮಿತಿ 2002ರಲ್ಲಿ ಬಿಡಿಸಿ ಹೇಳಿತು. ನಮ್ಮ ಸರ್ಕಾರ ಅದನ್ನು ಒಪ್ಪಿಲ್ಲ. ನನಗೆ ಸಮಿತಿಯ ಓದೇ ಸರಿಯೆನಿಸುತ್ತದೆ. ಹುಟ್ಟಿದ ಮನೆ ನೋಡಿ ಲೋಟ ಬೇರೆ ಇಡುವುದನ್ನು ಇನ್ನೇನೆಂದು ಕರೆಯುವುದು?

1965ರ ಆ ಒಡಂಬಡಿಕೆಯಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಹೆಣಿಗೆಯಿದೆ. ಭೇದ ಮಾಡುವ 'ಉದ್ದೇಶ' ಇದ್ದರೆ ತಪ್ಪು ಎಂದು ಬರೆದು ನಿಲ್ಲಿಸಬಹುದಿತ್ತು. ಬರೆದವರು 'ಅಥವಾ ಪರಿಣಾಮ' ಎಂದು ಸೇರಿಸಿದರು. ಹೆಣ್ಣುಮಕ್ಕಳ ಮೇಲಿನ ತಾರತಮ್ಯ ತೊಡೆಯುವ 1979ರ ಒಡಂಬಡಿಕೆಯೂ ಇದೇ ಅಚ್ಚಿನದು; ಭಾರತ ಅದನ್ನು 1993ರಲ್ಲಿ ಸ್ಥಿರೀಕರಿಸಿತು. ಈ ಪದದ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಾಚೆ ಇರಿಸುವ ರೂಢಿ ಬಂದಿದೆ. ಕೇಡು ಬಗೆದು ಮಾಡುವುದಲ್ಲ, ದೇವರಿಗೆ ಮೈಲಿಗೆಯಾಗಬಾರದೆಂದು ಎನ್ನುತ್ತಾರೆ ಹಿರಿಯರು. ಅವರ ಮನಸ್ಸಿನಲ್ಲಿ ಕೇಡಿಲ್ಲ, ನಂಬುತ್ತೇನೆ. ಆದರೆ ಗುಡಿಸಲಲ್ಲಿ ಹಸುಗೂಸನ್ನು ಎದೆಗವುಚಿಕೊಂಡು ಚಳಿಗೆ ನಡುಗುವ ತಾಯಿಗೆ ಆ ಮಾತಿನಿಂದ ಬೆಚ್ಚಗಾಗದು. ಉದ್ದೇಶ ಕೇಳಿ ಹಿಂತಿರುಗುವ ಕಾನೂನು ಅವಳ ಗುಡಿಸಲು ಮುಟ್ಟುವುದೇ ಇಲ್ಲ. ಪರಿಣಾಮ ನೋಡುವ ಕಾನೂನು ಮುಟ್ಟುತ್ತದೆ. ಹೀಗೆ ಹೊರಗಿಡುವಂತೆ ಒತ್ತಾಯಿಸುವುದು ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯಂತೆ ಅಪರಾಧ.

ಮತ್ತೆ ಬಂಡೆಗೆ ಬಂದರೆ, ಅಕ್ಷರಗುಂಡಿನ ಕೊನೆಯ ಸಾಲಿನಲ್ಲಿ ಬರೆದವನ ಹೆಸರಿದೆ: ಚಪಡ. ಹೆಸರು ಬ್ರಾಹ್ಮಿಯಲ್ಲೇ ಇದೆ, ಎಡದಿಂದ ಬಲಕ್ಕೆ. ಕಸುಬನ್ನು ಹೇಳುವ 'ಲಿಪಿಕಾರ' ಎಂಬ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಬ್ರಹ್ಮಗಿರಿಯಲ್ಲಿ ಅಂದು ಅದನ್ನು ಓದಬಲ್ಲವರು ಅವನನ್ನು ಬಿಟ್ಟು ಯಾರಿದ್ದರೋ.